40 ನಿಮಿಷಕ್ಕೆ ಸುಮ್ಮನಾಗುವ ಕಂಪ್ಯೂಟರ್: ಕಣ್ಣು ಕಾಣದವರ ಉಪಕರಣಗಳಿಗೆ ಯಾಕಿಷ್ಟು ಬೆಲೆ?

ಜಾಸ್ ಅಂತ ಒಂದು ಸಾಫ್ಟ್‌ವೇರ್ ಇದೆ. ಕಂಪ್ಯೂಟರ್ ಪರದೆಯ ಮೇಲೆ ಏನಿದೆಯೋ ಅದನ್ನು ಬಾಯಿಬಿಟ್ಟು ಓದಿ ಹೇಳುವುದು ಅದರ ಕೆಲಸ. ಇಂಥ ಸಾಫ್ಟ್‌ವೇರನ್ನು ಸ್ಕ್ರೀನ್ ರೀಡರ್ ಅನ್ನುತ್ತಾರೆ. ಕಣ್ಣು ಕಾಣದವರು ಮೇಲ್ ಓದುವುದು, ಲೆಕ್ಕಪತ್ರ ನೋಡುವುದು, ಕೋಡ್ ಬರೆಯುವುದು ಎಲ್ಲವೂ ಇದರ ಮೂಲಕವೇ. ಲೈಸೆನ್ಸ್ ಇಲ್ಲದಿದ್ದರೂ ಜಾಸ್ ಓಡುತ್ತದೆ, ಆದರೆ 40 ನಿಮಿಷ ಮಾತ್ರ. ಆಮೇಲೆ ದನಿ ನಿಲ್ಲುತ್ತದೆ. ಮತ್ತೆ ಮಾತಾಡಿಸಬೇಕೆಂದರೆ ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಬೇಕು.

ಕೊಳ್ಳುವ ಮುಂಚೆ ಒಮ್ಮೆ ಬಳಸಿ ನೋಡಲಿ ಅಂತ ಕೊಟ್ಟಿರುವ ಸೌಕರ್ಯ ಇದು. ಆದರೆ ಕೊಳ್ಳಲು ದುಡ್ಡೇ ಇಲ್ಲದವರಿಗೆ? 38 ನಿಮಿಷ ಬರೆಯುವುದು, ಸೇವ್ ಮಾಡುವುದು, ರೀಸ್ಟಾರ್ಟ್ ಮಾಡಿ ಕಾಯುವುದು, ಬಿಟ್ಟ ಜಾಗ ಹುಡುಕುವುದು, ಮತ್ತೆ 38 ನಿಮಿಷ. ಕಣ್ಣು ಕಾಣುವವರಿಗೆ ಇದರ ಅರ್ಥ ಆಗಬೇಕಾದರೆ, ಮುಕ್ಕಾಲು ಗಂಟೆಗೊಮ್ಮೆ ಮಾನಿಟರ್ ಕಪ್ಪಾಗಿ ಹೋಗುವುದನ್ನು ಊಹಿಸಿಕೊಳ್ಳಬೇಕು.

ಲೈಸೆನ್ಸಿನ ಬೆಲೆ ಎಷ್ಟು? ಒಮ್ಮೆ ಕೊಂಡು ಇಟ್ಟುಕೊಳ್ಳುವ ಜಾಸ್‌ಗೆ ಬಹುಕಾಲದಿಂದ ಸಾವಿರ ಡಾಲರ್ ಆಸುಪಾಸು. ಅದನ್ನು ಹಾಕಿಕೊಳ್ಳುವ ಲ್ಯಾಪ್‌ಟಾಪ್ ಅದರ ಅರ್ಧ ಬೆಲೆಗೆ ಸಿಗುತ್ತದೆ. ಯಂತ್ರಕ್ಕಿಂತ ಯಂತ್ರದ ಬಾಯಿಗೇ ಜಾಸ್ತಿ! ಬೆರಳಿನಿಂದ ಓದುವ 40 ಅಕ್ಷರದ ಬ್ರೈಲ್ ಡಿಸ್‌ಪ್ಲೇ ಬೇಕೆಂದರೆ ಮೂರು ಸಾವಿರ ಡಾಲರ್ ಹತ್ತಿರ ಹೋಗುತ್ತದೆ, ಎಷ್ಟೋ ಮಾದರಿಗಳು ಅದಕ್ಕೂ ಮೇಲೆ. ಕನ್ನಡಕಕ್ಕೆ ಸಿಕ್ಕಿಸಿಕೊಂಡು ಎದುರಿನ ಬರಹ ಓದಿಸುವ ಓರ್‌ಕ್ಯಾಮ್ ಮೈಐ ಎಂಬ ಪುಟ್ಟ ಕ್ಯಾಮೆರಾಕ್ಕೂ ಸಾವಿರಗಟ್ಟಲೆ ಡಾಲರ್.

ಯಾಕೆ ಅಂತ ಕೇಳಿದರೆ ಸಿದ್ಧ ಉತ್ತರ ಒಂದಿದೆ: "ಗಿರಾಕಿಗಳು ಕಡಿಮೆ." ಜಗತ್ತಿನಲ್ಲಿ ಅಂಧರು ಸುಮಾರು 4.3 ಕೋಟಿ ಅನ್ನುತ್ತದೆ 2020ರ ಅಂದಾಜು. ಇದೇನೂ ಸಣ್ಣ ಸಂಖ್ಯೆಯಲ್ಲ. ಆದರೆ ಅವರಲ್ಲಿ ಬಹಳಷ್ಟು ಜನ ಬಡ ದೇಶಗಳಲ್ಲಿದ್ದಾರೆ, ವಯಸ್ಸಾದವರೂ ಜಾಸ್ತಿ. ಈ ಬೆಲೆಗೆ ಕೊಳ್ಳಬಲ್ಲವರನ್ನು ಮಾತ್ರ ಎಣಿಸಿದರೆ ಮಾರುಕಟ್ಟೆ ನಿಜಕ್ಕೂ ಚಿಕ್ಕದು. ಇತ್ತ ಸ್ಕ್ರೀನ್ ರೀಡರ್ ಬರೆಯುವವರ ಕೆಲಸವೋ ಮುಗಿಯುವಂಥದ್ದಲ್ಲ. ವಿಂಡೋಸ್ ಬದಲಾಯಿತು ಅಂದರೆ ಅದಕ್ಕೆ ತಕ್ಕಂತೆ ತಿದ್ದಬೇಕು. ಬ್ರೌಸರ್, ಆಫೀಸ್ ಬದಲಾದಾಗಲೂ ಅಷ್ಟೇ. ಆ ಖರ್ಚನ್ನು ಸ್ವಲ್ಪವೇ ಜನರ ನಡುವೆ ಹಂಚಿದರೆ ತಲೆಗೆ ಬೀಳುವ ಪಾಲು ದೊಡ್ಡದಾಗುತ್ತದೆ.

ಇದು ನಿಜ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಬೆಲೆ ಅನ್ನುವುದು ಮಳೆ ಬಿಸಿಲಿನ ಹಾಗೆ, ಯಾರ ಕೈಯಲ್ಲೂ ಇಲ್ಲದ್ದು ಅಂತ ಅನಿಸಿಬಿಡುತ್ತದೆ. ಹಾಗಲ್ಲ. ಬೆಲೆ ನಿಜವಾಗಿ ಎಲ್ಲಿ ಹುಟ್ಟುತ್ತದೆ ಅಂತ ನೋಡಲು ಬ್ರೈಲ್ ಡಿಸ್‌ಪ್ಲೇಯನ್ನೇ ಬಿಚ್ಚಿ ನೋಡೋಣ.

ಬ್ರೈಲ್ ಲಿಪಿಗೆ ಮೂಲತಃ ಖರ್ಚೇ ಇಲ್ಲ. ಲೂಯಿ ಬ್ರೈಲ್ 1824ರ ಹೊತ್ತಿಗೆ, ತನ್ನ ಹದಿನೈದನೇ ವಯಸ್ಸಿನಲ್ಲಿ, ಈ ಚುಕ್ಕಿ ಲಿಪಿಗೆ ರೂಪ ಕೊಟ್ಟಾಗ ಬೇಕಾಗಿದ್ದುದು ದಪ್ಪ ಕಾಗದ, ಒಂದು ಪಟ್ಟಿ, ಒಂದು ಮೊಳೆಯಂಥ ಕಡ್ಡಿ. ಇವತ್ತಿಗೂ ಅಷ್ಟರಲ್ಲೇ ಬರೆಯಬಹುದು. ತೊಂದರೆ ಇರುವುದು ಗಾತ್ರದಲ್ಲಿ. ಒಂದು ಸಾಧಾರಣ ಕಾದಂಬರಿ ಬ್ರೈಲಿಗೆ ಬಂದರೆ ಹಲವು ದಪ್ಪ ಸಂಪುಟಗಳಾಗುತ್ತದೆ. ಅದಕ್ಕೇ ಪುಟದ ಬದಲು ಒಂದೇ ಒಂದು ಸಾಲು ಇಟ್ಟುಕೊಂಡು, ಆ ಸಾಲಿನ ಚುಕ್ಕಿಗಳನ್ನೇ ಏರಿಸಿ ಇಳಿಸಿ ಹೊಸ ಹೊಸ ಅಕ್ಷರ ಮೂಡಿಸುವ ಯಂತ್ರ ಬಂತು.

ಆ ಸಾಲಿನ ಒಂದೊಂದು ಅಕ್ಷರದ ಮನೆಗೂ ಸೆಲ್ ಅನ್ನುತ್ತಾರೆ. ಕಾಗದದ ಬ್ರೈಲಿನಲ್ಲಿ ಆರು ಚುಕ್ಕಿ, ಕಂಪ್ಯೂಟರಿನ ಬ್ರೈಲಿನಲ್ಲಿ ಎಂಟು. 40 ಸೆಲ್ ಅಂದರೆ 320 ಪುಟಾಣಿ ಪಿನ್ನುಗಳು. ಪ್ರತಿ ಪಿನ್ನಿನ ಕೆಳಗೆ ಪಿಯೆಜೋ ಎಂಬ ಬಗೆಯ ಸೆರಾಮಿಕ್ ಪಟ್ಟಿ ಇರುತ್ತದೆ. ಸುಮಾರು 200 ವೋಲ್ಟ್ ಕೊಟ್ಟರೆ ಆ ಪಟ್ಟಿ ಕೂದಲೆಳೆಯಷ್ಟು ಬಾಗುತ್ತದೆ, ಬಾಗಿ ಪಿನ್ನನ್ನು ಒಂದು ಮಿಲಿಮೀಟರ್‌ಗಿಂತ ಕಡಿಮೆ ಎತ್ತರಕ್ಕೆ ತಳ್ಳುತ್ತದೆ. ಬೆರಳು ಮೇಲೆ ಒತ್ತಿದರೆ ಪಿನ್ನು ಕುಸಿಯಬಾರದು. ಸಾಲು ಬದಲಾಯಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲವೂ ಜಾಗ ಬದಲಿಸಬೇಕು. 320ರಲ್ಲಿ ಒಂದು ಕೈಕೊಟ್ಟರೂ ಆ ಮನೆಯ ಅಕ್ಷರ ತಪ್ಪು. ಇಂಥ ಸೆಲ್ ಮಾಡುವ ಕಂಪನಿಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಜಪಾನಿನ ಕೆಜಿಎಸ್, ಜರ್ಮನಿಯ ಮೆಟೆಕ್ ಅವುಗಳಲ್ಲಿ ಹಳೆಯವು.

ಫೋನಿನ ಚಿಪ್, ಪರದೆ, ಕ್ಯಾಮೆರಾ ವರ್ಷದಿಂದ ವರ್ಷಕ್ಕೆ ಅಗ್ಗ ಆದವಲ್ಲ, ಇದು ಯಾಕೆ ಆಗಲಿಲ್ಲ? ಅವುಗಳಲ್ಲಿ ಅಲುಗಾಡುವ ಭಾಗ ಇಲ್ಲ ಅಥವಾ ತೀರಾ ಕಡಿಮೆ, ಮೇಲಾಗಿ ಕೋಟಿಗಟ್ಟಲೆ ತಯಾರಾಗುತ್ತವೆ. ಬ್ರೈಲ್ ಸೆಲ್ಲಿನದು ಗಡಿಯಾರ ಜೋಡಿಸುವಂಥ ನಾಜೂಕಿನ ಕೆಲಸ. ಸೆಲ್ಲಿಗೆ ಇಷ್ಟು ಅಂತ ಬೆಲೆ ಬೀಳುವುದರಿಂದ ಡಿಸ್‌ಪ್ಲೇ ಉದ್ದವಾದಷ್ಟೂ ಬೆಲೆ ಏರುತ್ತದೆ. ಹಾಗಾಗಿ ಬಡವರ ಪಾಲಿಗೆ ಬರುವ ಸಾಲು ಚಿಕ್ಕದು. 14 ಸೆಲ್, 20 ಸೆಲ್. ಎರಡು ಮೂರು ಪದ ಓದುವಷ್ಟರಲ್ಲಿ ಸಾಲು ಮುಗಿದು, ಮುಂದಿನದಕ್ಕೆ ಬಟನ್ ಒತ್ತಬೇಕು.

ಈ ಬೆಲೆ ಒಡೆಯಲು ಪ್ರಯತ್ನ ನಡೆದಿಲ್ಲ ಅಂತಲ್ಲ. ಕೆಲವು ದೇಶಗಳ ಅಂಧರ ಸಂಸ್ಥೆಗಳು ಸೇರಿ ಟ್ರಾನ್ಸ್‌ಫಾರ್ಮಿಂಗ್ ಬ್ರೈಲ್ ಗ್ರೂಪ್ ಅಂತ ಕಟ್ಟಿಕೊಂಡವು. ಅವರು ಹಿಡಿದ ದಾರಿ ಸರಳ: ತಯಾರಿಸುವ ಮುಂಚೆಯೇ ದುಡ್ಡು ಹಾಕುವುದು, ಸಾವಿರಗಟ್ಟಲೆ ಕೊಳ್ಳುತ್ತೇವೆ ಅಂತ ಮಾತು ಕೊಡುವುದು. ಅದರಿಂದ ಬಂದದ್ದು ಆರ್ಬಿಟ್ ರೀಡರ್ 20. ಮೊದಲು ಮಾರುಕಟ್ಟೆಗೆ ಬಂದಾಗ ಬೆಲೆ 500 ಡಾಲರ್‌ಗಿಂತ ಕಡಿಮೆ. ಪಿಯೆಜೋ ಬಿಟ್ಟು ಬೇರೆ ತಂತ್ರ ಬಳಸಿದ್ದರು. ಅಕ್ಷರ ಬದಲಾಗುವಾಗ ನಿಧಾನ, ಜೊತೆಗೆ ಟಕಟಕ ಸದ್ದು. ಆದರೆ ಪಿನ್ನು ಕಾಗದದ ಬ್ರೈಲಿನ ಹಾಗೆ ಗಟ್ಟಿ. ಕೆಲವರು ಸದ್ದಿಗೆ ಮೂಗು ಮುರಿದರು. ನನಗೆ ಅನಿಸುವುದು, ಸದ್ದು ಮಾಡುವ ಬ್ರೈಲ್ ಕೈಯಲ್ಲಿರುವುದು ಸದ್ದಿಲ್ಲದ ಬ್ರೈಲ್ ಅಂಗಡಿಯಲ್ಲಿರುವುದಕ್ಕಿಂತ ಮೇಲು.

ಇನ್ನೊಂದು ತುದಿಯಲ್ಲಿ ಮೊನಾರ್ಕ್ ಎಂಬ ಬ್ರೈಲ್ ಡಿಸ್‌ಪ್ಲೇ ಇದೆ. ಅಮೆರಿಕನ್ ಪ್ರಿಂಟಿಂಗ್ ಹೌಸ್ ಫಾರ್ ದಿ ಬ್ಲೈಂಡ್, ಹ್ಯೂಮನ್‌ವೇರ್ ಮತ್ತಿತರರು ಸೇರಿ ತಂದದ್ದು. 10 ಸಾಲು, ಸಾಲಿಗೆ 32 ಸೆಲ್. ನಕ್ಷೆ, ಗ್ರಾಫ್, ಗಣಿತದ ಕೋಷ್ಟಕ ಎಲ್ಲ ಒಟ್ಟಿಗೆ ಬೆರಳಿಗೆ ಸಿಗುತ್ತವೆ. ಒಂದೇ ಸಾಲಿನಲ್ಲಿ ಭಾಗಾಕಾರ ಕಲಿಯಲು ಒದ್ದಾಡಿದ ಮಕ್ಕಳಿಗೆ ಇದು ಎಷ್ಟು ದೊಡ್ಡದು ಅಂತ ಬೇರೆ ಹೇಳಬೇಕಿಲ್ಲ. ಬೆಲೆ ಮಾತ್ರ ಹತ್ತು ಸಾವಿರ ಡಾಲರ್ ದಾಟುತ್ತದೆ. ಮನೆಯವರು ಕೊಳ್ಳುವ ವಸ್ತು ಅಲ್ಲವೇ ಅಲ್ಲ, ಶಾಲೆಯೋ ಸರ್ಕಾರವೋ ಕೊಳ್ಳಬೇಕು.

ಇಲ್ಲಿಗೆ ವಿಷಯದ ಗಂಟಿಗೆ ಬಂದೆವು. ಕೊಳ್ಳುವವರು ಒಬ್ಬರು, ಬಳಸುವವರು ಇನ್ನೊಬ್ಬರು.

ಶ್ರೀಮಂತ ದೇಶಗಳಲ್ಲಿ ಇಂಥ ಉಪಕರಣಗಳಿಗೆ ದುಡ್ಡು ಕಟ್ಟುವವರು ಹೆಚ್ಚಾಗಿ ಕೆಲಸ ಕೊಟ್ಟ ಕಂಪನಿ, ಪುನರ್ವಸತಿ ಇಲಾಖೆ, ವಿಮೆ ಅಥವಾ ಶಾಲೆ. ತನ್ನ ಜೇಬಿನಿಂದ ಕೊಡುವವನು ಚೌಕಾಸಿ ಮಾಡುತ್ತಾನೆ, ಅಗ್ಗದ್ದು ಹುಡುಕುತ್ತಾನೆ, ಬೇಡ ಅಂತ ಎದ್ದು ಹೋಗುತ್ತಾನೆ. ಇಲಾಖೆ ಹಾಗೆ ಮಾಡುವುದಿಲ್ಲ. ಅದು ಪಟ್ಟಿಯಲ್ಲಿ ಹೆಸರಿದೆಯಾ, ಕಾಗದ ಸರಿ ಇದೆಯಾ ಅಂತ ನೋಡುತ್ತದೆ. ಹೀಗಿರುವಾಗ ಬೆಲೆ ನಿಲ್ಲುವುದು ಬಳಸುವವರ ಕೈಗೆ ಎಟಕುವ ಎತ್ತರದಲ್ಲಿ ಅಲ್ಲ, ಇಲಾಖೆ ತಕರಾರಿಲ್ಲದೆ ಸಹಿ ಹಾಕುವ ಎತ್ತರದಲ್ಲಿ. ಕಂಪನಿಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಆ ಬೆಲೆಯಲ್ಲಿ ತರಬೇತಿ, ಫೋನ್ ಮೇಲಿನ ಸಹಾಯ, ಮನೆಗೇ ಬಂದು ಹೊಂದಿಸಿ ಕೊಡುವ ಡೀಲರನ ಪಾಲು ಎಲ್ಲ ಸೇರಿರುತ್ತದೆ. ಇದ್ದಕ್ಕಿದ್ದಂತೆ ದೃಷ್ಟಿ ಕಳೆದುಕೊಂಡವರಿಗೆ ಅದು ಬೇಕೇ ಬೇಕು.

ಆದರೆ ಅದೇ ಬೆಲೆಪಟ್ಟಿ ಅಂಥ ಯಾವ ಇಲಾಖೆಯೂ ಇಲ್ಲದ ದೇಶಕ್ಕೂ ಹೋಗುತ್ತದೆ. ಅಲ್ಲಿ ಸಾಗಣೆ, ಆಮದು ಸುಂಕ ಬೇರೆ ಮೇಲೆ ಬೀಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಸಹಾಯಕ ಸಾಧನಗಳ ಬಗ್ಗೆ ಒಂದು ಜಾಗತಿಕ ವರದಿ ತಂದವು. ಗಾಲಿಕುರ್ಚಿ, ಶ್ರವಣ ಸಾಧನ, ಕನ್ನಡಕ ಎಲ್ಲ ಸೇರಿದ ಲೆಕ್ಕ ಅದು. ಕೆಲವು ಶ್ರೀಮಂತ ದೇಶಗಳಲ್ಲಿ ಬೇಕಾದವರಲ್ಲಿ ಶೇ. 90ರಷ್ಟು ಜನರಿಗೆ ಸಾಧನ ಸಿಗುತ್ತಿದ್ದರೆ, ಕೆಲವು ಬಡ ದೇಶಗಳಲ್ಲಿ ಸಿಗುತ್ತಿರುವುದು ಶೇ. 3ರಷ್ಟು ಜನರಿಗೆ. ದೊಡ್ಡ ಅಡ್ಡಿ ಯಾವುದು ಅಂದರೆ ಬೆಲೆಯೇ.

ಹಾಗಾದರೆ ಬೆಲೆ ಇಳಿದದ್ದೇ ಇಲ್ಲವೇ? ಇಳಿದಿದೆ, ಕೆಲವು ಕಡೆ ನೆಲಕ್ಕೇ ಇಳಿದಿದೆ. 1976ರಲ್ಲಿ ರೇ ಕರ್ಜ್‌ವೈಲ್ ಅಚ್ಚಾದ ಪುಟವನ್ನು ಓದಿ ಹೇಳುವ ಯಂತ್ರ ತೋರಿಸಿದರು. ಹತ್ತಾರು ಸಾವಿರ ಡಾಲರ್ ಬೆಲೆ. ಗಾಯಕ ಸ್ಟೀವಿ ವಂಡರ್ ಅದನ್ನು ಕೊಂಡ ಮೊದಲಿಗರಲ್ಲಿ ಒಬ್ಬರು. 2014ರಲ್ಲಿ ಅದೇ ಕೆಲಸ ಐಫೋನಿನಲ್ಲಿ ಕೆಎನ್‌ಎಫ್‌ಬಿ ರೀಡರ್ ಎಂಬ ಆ್ಯಪ್ ಆಗಿ ನೂರು ಡಾಲರ್ ಆಸುಪಾಸಿಗೆ ಬಂತು. 2017ರಲ್ಲಿ ಮೈಕ್ರೋಸಾಫ್ಟ್ ಸೀಯಿಂಗ್ ಎಐ ತಂದಾಗ ಪುಕ್ಕಟೆ ಆಯಿತು. ಸ್ಕ್ಯಾನ್ ಮಾಡಿ ಓದುವ ತಂತ್ರ ಕಚೇರಿ, ಅಂಚೆ, ಬ್ಯಾಂಕುಗಳಿಗೂ ಬೇಕಾಗಿತ್ತು. ಎಲ್ಲರಿಗೂ ಬೇಕಾದಾಗ ಅಗ್ಗವಾಯಿತು.

ಇದಕ್ಕಿಂತ ದೊಡ್ಡ ತಿರುವು 2009ರದ್ದು. ಆ್ಯಪಲ್ ತನ್ನ ಐಫೋನ್ 3ಜಿಎಸ್ ಒಳಗೇ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರ್ ಇಟ್ಟುಬಿಟ್ಟಿತು. ಬೇರೆ ಲೈಸೆನ್ಸ್ ಇಲ್ಲ, ಬೇರೆ ಫೋನೂ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಒಂದು ಸ್ವಿಚ್ಚು ಅಷ್ಟೇ. ಅದೇ ವರ್ಷ ಆಂಡ್ರಾಯ್ಡ್‌ಗೂ ಟಾಕ್‌ಬ್ಯಾಕ್ ಬಂತು. ಗಾಜಿನ ಚಪ್ಪಟೆ ಪರದೆ ಬಂದಾಗ ಕಣ್ಣು ಕಾಣದವರ ಕಥೆ ಮುಗಿಯಿತು ಅಂದುಕೊಂಡವರೇ ಜಾಸ್ತಿ. ಆದದ್ದು ತಿರುಗಾಮುರುಗಾ.

ಕಂಪ್ಯೂಟರಿನಲ್ಲಿ ಬೆಲೆ ಮುರಿದವರು ಮಾತ್ರ ದೊಡ್ಡ ಕಂಪನಿಯವರಲ್ಲ. ಮೈಕೆಲ್ ಕರನ್, ಜೇಮ್ಸ್ ಟೇ ಎಂಬ ಇಬ್ಬರು ಆಸ್ಟ್ರೇಲಿಯಾದ ಯುವಕರು. ಇಬ್ಬರಿಗೂ ಕಣ್ಣು ಕಾಣದು. ಚಿಕ್ಕಂದಿನಲ್ಲಿ ಅಂಧ ಮಕ್ಕಳ ಸಂಗೀತ ಶಿಬಿರದಲ್ಲಿ ಆದ ಪರಿಚಯ. 2006ರಲ್ಲಿ ಕರನ್ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬರೆಯತೊಡಗಿದರು. ಪುಕ್ಕಟೆ, ಕೋಡ್ ಕೂಡ ಬಹಿರಂಗ. ವೆಬ್‌ಏಮ್ ಸಂಸ್ಥೆ ಸ್ಕ್ರೀನ್ ರೀಡರ್ ಬಳಸುವವರ ಸಮೀಕ್ಷೆ ನಡೆಸುತ್ತದೆ. 2009ರ ಸಮೀಕ್ಷೆಯಲ್ಲಿ ಮುಕ್ಕಾಲು ಪಾಲು ಜನ ಜಾಸ್ ಬಳಸುತ್ತಿದ್ದರು. 2024ರ ಆರಂಭದ ಹೊತ್ತಿಗೆ ಮುಖ್ಯವಾಗಿ ಯಾವುದು ಬಳಸುತ್ತೀರಿ ಎಂಬ ಪ್ರಶ್ನೆಗೆ ಜಾಸ್ ಮತ್ತು ಎನ್‌ವಿಡಿಎ ಹೆಚ್ಚುಕಡಿಮೆ ಸರಿಸಮ ನಿಂತವು. ಈಗ ಜಾಸ್ ಕೂಡ ಮನೆಬಳಕೆಗೆ ವರ್ಷದ ಚಂದಾ ಕೊಡುತ್ತದೆ, ಮೊದಲಿನ ಬೆಲೆಯ ಹತ್ತನೇ ಒಂದು ಭಾಗದ ಆಸುಪಾಸಿಗೆ. ಪಕ್ಕದಲ್ಲಿ ಪುಕ್ಕಟೆ ಪೈಪೋಟಿ ನಿಂತ ಮೇಲೆ.

ಪುಕ್ಕಟೆ ಅಂದರೆ ಖರ್ಚಿಲ್ಲ ಅಂತಲ್ಲ. ಎನ್‌ವಿಡಿಎ ನಡೆಯುವುದು ದೇಣಿಗೆ ಮತ್ತು ಅನುದಾನದಿಂದ. ಅದರ ಜೊತೆಗೆ ಬರುವ ಇಸ್ಪೀಕ್ ದನಿ ಡಬ್ಬಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಆದರೆ ನೂರಕ್ಕೂ ಹೆಚ್ಚು ಭಾಷೆ ಬರುತ್ತದೆ ಅದಕ್ಕೆ, ಕನ್ನಡವೂ ಸೇರಿ. ಕಿವಿಗೆ ಇಂಪಾದ ದನಿ ಬೇಕೆಂದರೆ ದುಡ್ಡು ಕೊಡಬೇಕು, ಅದೂ ನಮ್ಮ ಭಾಷೆಯಲ್ಲಿ ಇದ್ದರೆ.

ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: ಫೋನೇ ಎಲ್ಲ ಮಾಡುತ್ತಲ್ವಾ, ಇನ್ನು ದುಬಾರಿ ಉಪಕರಣ ಯಾಕೆ? 2023ರಲ್ಲಿ ಮೆಟಾ ಕಂಪನಿಯ ಹೊಸ ರೇ-ಬ್ಯಾನ್ ಕನ್ನಡಕ 299 ಡಾಲರಿಗೆ ಬಂತು. ಫ್ಯಾಷನ್ನಿಗಾಗಿ ಮಾಡಿದ್ದು. ಅದಕ್ಕೆ ಎಐ ಸೇರಿದ ಮೇಲೆ ಎದುರಿಗೆ ಏನಿದೆ ಅಂತ ಕೇಳಲು ಕಣ್ಣು ಕಾಣದವರೂ ಬಳಸತೊಡಗಿದರು. ಸಾವಿರಗಟ್ಟಲೆ ಡಾಲರಿನ ವಿಶೇಷ ಕ್ಯಾಮೆರಾದ ಎದುರು ಇದು ಅಗ್ಗ. ಆದರೆ ಓರ್‌ಕ್ಯಾಮ್ ಇಂಟರ್‌ನೆಟ್ ಇಲ್ಲದೆಯೂ ಓದುತ್ತದೆ, ಈ ಕನ್ನಡಕಕ್ಕೆ ನೆಟ್ ಬೇಕು. ನಿಮ್ಮ ಬ್ಯಾಂಕಿನ ಕಾಗದದ ಚಿತ್ರ ಯಾರದೋ ಸರ್ವರ್‌ಗೆ ಹೋಗುತ್ತದೆ. ಎಐ ಕೆಲವೊಮ್ಮೆ ಇಲ್ಲದ್ದನ್ನೂ ಇದೆ ಅನ್ನುತ್ತದೆ. ತೋಟದ ಹೂವಿನ ಬಣ್ಣ ತಪ್ಪಾದರೆ ಹೋಗಲಿ ಬಿಡಿ, ಮಾತ್ರೆ ಡಬ್ಬಿ ಮೇಲಿನ ಮಿಲಿಗ್ರಾಂ ತಪ್ಪಾದರೆ?

ಇನ್ನೂ ಒಂದು. ಕೇಳುವುದು ಬೇರೆ, ಓದುವುದು ಬೇರೆ. ಬರೀ ಕೇಳಿ ಬೆಳೆದ ಮಗುವಿಗೆ ಪದದ ಕಾಗುಣಿತ, ಒತ್ತಕ್ಷರ, ಅಲ್ಪವಿರಾಮ ಎಲ್ಲಿ ಬರುತ್ತದೆ ಅಂತ ಗೊತ್ತಾಗುವುದು ಕಷ್ಟ. ಕಣ್ಣಿದ್ದ ಮಗುವಿಗೆ "ನಿನಗೆ ಆಡಿಯೋ ಪುಸ್ತಕ ಇದೆಯಲ್ಲ, ಅಕ್ಷರ ಯಾಕೆ ಕಲಿಯುತ್ತೀ" ಅಂತ ಯಾರೂ ಹೇಳುವುದಿಲ್ಲ. ಕಣ್ಣೂ ಕಾಣದ, ಕಿವಿಯೂ ಕೇಳದವರಿಗಂತೂ ಮಾತಾಡುವ ಫೋನಿನಿಂದ ಏನೂ ಪ್ರಯೋಜನವಿಲ್ಲ. ಅವರಿಗೆ ಜಗತ್ತು ಬರುವುದೇ ಆ 320 ಪಿನ್ನುಗಳ ದಾರಿಯಲ್ಲಿ. ಫೋನು ಅಗ್ಗವಾದದ್ದನ್ನು ತೋರಿಸಿ ಬ್ರೈಲಿಗೆ ದುಡ್ಡು ನಿಲ್ಲಿಸುವವರನ್ನು ನಾನು ನಂಬುವುದಿಲ್ಲ.

ಕೊಂಡ ಮೇಲಿನ ಖರ್ಚಿನ ಮಾತೂ ಇದೆ. ಬೆರಳಿನ ಬೆವರು, ಧೂಳು ಸೇರಿ ಪಿನ್ನು ಸಿಕ್ಕಿಕೊಳ್ಳುತ್ತವೆ. ರಿಪೇರಿಗೆ ಎಷ್ಟೋ ಸಲ ಬೇರೆ ದೇಶಕ್ಕೇ ಕಳಿಸಬೇಕು, ವಾರಗಟ್ಟಲೆ ಅಕ್ಷರವಿಲ್ಲದೆ ಇರಬೇಕು. ಮಾಡಿದ ಕಂಪನಿಯೇ ಬಾಗಿಲು ಹಾಕಿದರೆ ಇನ್ನೂ ಕಷ್ಟ. ಆಪ್ಟಕಾನ್ ಎಂಬ ಉಪಕರಣ 1970ರ ದಶಕದ ಆರಂಭದಲ್ಲಿ ಬಂತು. ಸ್ಟ್ಯಾನ್‌ಫರ್ಡ್‌ನ ಪ್ರೊಫೆಸರ್ ಜಾನ್ ಲಿನ್‌ವಿಲ್ ಕಣ್ಣು ಕಾಣದ ತಮ್ಮ ಮಗಳಿಗಾಗಿ ಯೋಚಿಸಿದ್ದು. ಅಚ್ಚಿನ ಅಕ್ಷರದ ಆಕಾರವನ್ನೇ 144 ನಡುಗುವ ಪಿನ್ನುಗಳಿಂದ ಬೆರಳಿಗೆ ಮುಟ್ಟಿಸುತ್ತಿತ್ತು. 1996ರಲ್ಲಿ ತಯಾರಿ ನಿಂತಿತು. ಅಭ್ಯಾಸವಾದವರು ಆಮೇಲೂ ಹಳೇ ಯಂತ್ರಗಳನ್ನು ಬಿಡಿಭಾಗಕ್ಕಾಗಿ ಹುಡುಕಿ ಕೊಳ್ಳುತ್ತಿದ್ದರು.

ಇನ್ನೂ ಭಯಂಕರವಾದದ್ದು ಆರ್ಗಸ್ 2ರ ಕಥೆ. ಇದು ಕೈಯಲ್ಲಿ ಹಿಡಿಯುವ ಉಪಕರಣ ಅಲ್ಲ, ಒಂದಿಷ್ಟು ದೃಷ್ಟಿ ಮರಳಿಸಲೆಂದು ಕಣ್ಣಿನೊಳಗೇ ಶಸ್ತ್ರಚಿಕಿತ್ಸೆ ಮಾಡಿ ಕೂರಿಸುವ ಕಸಿ. ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ ಒಂದೂವರೆ ಲಕ್ಷ ಡಾಲರ್ ಹತ್ತಿರ. ಜಗತ್ತಿನಲ್ಲಿ 350ಕ್ಕೂ ಹೆಚ್ಚು ಜನ ಹಾಕಿಸಿಕೊಂಡರು. ಕೆಲವೇ ವರ್ಷಗಳಲ್ಲಿ, ಅದನ್ನು ಮಾಡುತ್ತಿದ್ದ ಸೆಕೆಂಡ್ ಸೈಟ್ ಕಂಪನಿ ಆ ಕಸಿಯ ತಯಾರಿಕೆ ಕೈಬಿಟ್ಟು, ದಿವಾಳಿಯ ಅಂಚಿಗೆ ಬಂತು. ಕಣ್ಣೊಳಗಿನ ಯಂತ್ರಕ್ಕೆ ರಿಪೇರಿ ಮಾಡುವವರೇ ಇಲ್ಲದಾದರು.

ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದ 2006ರಲ್ಲೇ ಕೈಗೆಟಕುವ ಬೆಲೆಯ ತಂತ್ರಜ್ಞಾನಕ್ಕೆ ಆದ್ಯತೆ ಕೊಡಿ ಅಂತ ದೇಶಗಳಿಗೆ ಹೇಳಿದೆ. ಒಪ್ಪಂದದ ಮಾತು ಕೈಗೆ ಬರುವುದು ನಿಧಾನ. ಒಟ್ಟಿಗೆ ಕೊಂಡು ಬೆಲೆ ಇಳಿಸುವುದು, ಉಪಕರಣಗಳನ್ನು ಪುಸ್ತಕದ ಹಾಗೆ ಎರವಲು ಕೊಡುವುದು, ಯಾವ ಡಿಸ್‌ಪ್ಲೇ ಆದರೂ ಯಾವ ಕಂಪ್ಯೂಟರಿಗಾದರೂ ಸಿಕ್ಕಿಸಿದರೆ ನಡೆಯುವಂತೆ ಒಂದೇ ನಿಯಮ ಇಡುವುದು, ಇವೆಲ್ಲ ಅಲ್ಲಲ್ಲಿ ಕೆಲಸ ಮಾಡಿವೆ. ಬ್ರೈಲ್ ಡಿಸ್‌ಪ್ಲೇಗಳಿಗೆ ಅಂಥ ಯುಎಸ್‌ಬಿ ನಿಯಮ 2018ರಲ್ಲಿ ಬಂದಿದೆ.

ಆದರೆ ಈ ಬೆಲೆಯ ಒಂದು ದೊಡ್ಡ ಪಾಲು ಯಾವ ಬೆಲೆಪಟ್ಟಿಯಲ್ಲೂ ಕಾಣುವುದಿಲ್ಲ. ಅದು ಬೇರೆಯವರು ಮಾಡಿದ ತಪ್ಪಿನ ದಂಡ. ಮೊದಲು ವಾಷಿಂಗ್ ಮೆಷಿನ್ನಿಗೆ ತಿರುಗಿಸುವ ಗುಂಡಿ ಇತ್ತು. ಮುಟ್ಟಿದರೆ ಎಲ್ಲಿದೆ ಅಂತ ಗೊತ್ತಾಗುತ್ತಿತ್ತು, ಕ್ಲಿಕ್ ಎಣಿಸಿದರೆ ಸಾಕಿತ್ತು. ಅದನ್ನು ತೆಗೆದು ನುಣ್ಣನೆ ಗಾಜು ಹಾಕಿದರು. ಈಗ ಅದನ್ನು ಓದಲು ಕ್ಯಾಮೆರಾ ಬೇಕು, ಆ್ಯಪ್ ಬೇಕು, ಎಐ ಬೇಕು. ಖರ್ಚು ಹುಟ್ಟಿಸಿದವರು ಒಬ್ಬರು, ಕಟ್ಟುವವರು ಇನ್ನೊಬ್ಬರು. ವೆಬ್‌ಸೈಟುಗಳದ್ದೂ ಇದೇ ಹಾಡು. ವೆಬ್‌ಏಮ್ ಪ್ರತಿವರ್ಷ ಹತ್ತು ಲಕ್ಷ ಮುಖಪುಟ ಪರೀಕ್ಷಿಸುತ್ತದೆ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪುಟಗಳಲ್ಲಿ ಯಂತ್ರವೇ ಹಿಡಿಯಬಲ್ಲಂಥ ತಪ್ಪುಗಳು ಸಿಗುತ್ತವೆ. ಮಂಕಾದ ಅಕ್ಷರ, ವಿವರಣೆ ಇಲ್ಲದ ಚಿತ್ರ, ಹೆಸರಿಲ್ಲದ ಬಟನ್. ದುಬಾರಿ ಸ್ಕ್ರೀನ್ ರೀಡರಿನ ಕೆಲಸದಲ್ಲಿ ಎಷ್ಟೋ ಭಾಗ ಇಂಥ ತೂತು ಮುಚ್ಚುವುದೇ. ಯುರೋಪಿಯನ್ ಒಕ್ಕೂಟದ ಆ್ಯಕ್ಸೆಸಿಬಿಲಿಟಿ ಕಾಯ್ದೆ 2025ರ ಜೂನ್ 28ರಿಂದ ಜಾರಿಗೆ ಬಂದಿದೆ. ಬ್ಯಾಂಕು, ಆನ್‌ಲೈನ್ ಅಂಗಡಿ, ಇ-ಪುಸ್ತಕ, ಟಿಕೆಟ್ ಯಂತ್ರ ಮುಂತಾದವನ್ನು ಎಲ್ಲರೂ ಬಳಸುವಂತೆ ಮಾಡುವ ಹೊಣೆ ಅದನ್ನು ಮಾರುವವರ ಮೇಲೆ ಹಾಕಿದೆ. ಅಂದರೆ ಬಿಲ್ಲು ಹೋಗಬೇಕಾದ ವಿಳಾಸಕ್ಕೆ ಹೋಗತೊಡಗಿದೆ, ಕನಿಷ್ಠ ಒಂದು ಕಡೆ.

ಸಾವಿರ ಡಾಲರ್ ಕೊಟ್ಟು ಲೈಸೆನ್ಸ್ ಕೊಂಡವರೂ ದುಡ್ಡು ಕಟ್ಟುವ ಪುಟಕ್ಕೆ ಬಂದು ಟ್ಯಾಬ್ ಒತ್ತಿದಾಗ ಕಿವಿಗೆ ಬೀಳುವುದು ಬಹಳ ಸಲ ಇಷ್ಟೇ: "ಬಟನ್. ಬಟನ್. ಬಟನ್." ಯಾವುದು ಕಟ್ಟುವುದು, ಯಾವುದು ರದ್ದು ಮಾಡುವುದು, ಹೇಳಲು ಸ್ಕ್ರೀನ್ ರೀಡರಿಗೇ ಗೊತ್ತಿಲ್ಲ. ಪುಟ ಮಾಡಿದವರು ಅಲ್ಲಿ "ಪಾವತಿಸಿ" ಅಂತ ಒಂದು ಪದ ಬರೆದಿಲ್ಲ.